ಸಿಂಹಳದಲ್ಲಿ ಒಂದು ಮದುವೆ



ವಿದೇಶಪ್ರವಾಸವೆಂದೊಡನೆ ಕೇಳುವವರ ಮನಸ್ಸಿನಲ್ಲಿ ಹಿಮದ ಬೆಟ್ಟಗಳು, ಮುಗಿಲು ಮುಟ್ಟುವ ಕಟ್ಟಡಗಳು, ತಿಳಿಯದ ಭಾಷೆ, ಉಣ್ಣಲಾಗದ ಊಟ ಇವೆಲ್ಲ ಮೂಡುವುದು ಸಹಜ. ನಾನು ಈ ಹೊತ್ತು ಹೇಳಬೇಕೆಂದಿರುವ ಪ್ರವಾಸದಲ್ಲಿ ಅಂಥ ವಿಶೇಷಗಳು ಬಹಳ ಕಡಿಮೆ. ಬೆಂಗಳೂರಿನಲ್ಲಿ ಬೆಳಗಿನ ಕಾಫಿ ಕುಡಿದು ವಿಮಾನವನ್ನು ಏರಿದವರು ಮಧ್ಯಾಹ್ನದ ಊಟಕ್ಕೆ ಮೊದಲೇ ಇಳಿದುಬಿಟ್ಟೆವು. ಇಳಿದ ಕಡೆ ಗಡಿಯಾರವನ್ನು ತಿದ್ದಿಕೊಳ್ಳುವ ಶ್ರಮ ಕೂಡ ಇರಲಿಲ್ಲ. 2006ರಿಂದ ಸಿಂಹಳದವರ ಗಂಟೆಯೂ ನಮ್ಮ ಗಂಟೆಯೂ ಒಂದೇ ಆಗಿದೆ. ಇಂಥದನ್ನು ವಿದೇಶಪ್ರವಾಸವೆಂದು ಕರೆಯಬಹುದೆ ಎಂದು ತಾವು ಕೇಳಿದರೆ ನಾನು ವಾದಕ್ಕೆ ನಿಲ್ಲಲಾರೆ. ರಹದಾರಿಯ ಪುಸ್ತಕದಲ್ಲಿ ಮುದ್ರೆ ಬಿದ್ದಿದೆ, ಅಷ್ಟು ನಿಜ.

2018ನೆಯ ಇಸವಿ ಜನವರಿ ತಿಂಗಳಿನಲ್ಲಿ ನಾವು ನಾಲ್ವರು ಗೆಳೆಯರು ಕೂಡಿ ಸಿಂಹಳದ ಕ್ಯಾಂಡಿ ನಗರಕ್ಕೆ ಒಂದು ಮದುವೆಗಾಗಿ ಹೋಗಿದ್ದೆವು. ನಾಲ್ವರಲ್ಲಿ ಒಬ್ಬರು ವೈದ್ಯರು, ಒಬ್ಬರು ವಕೀಲರು, ಮತ್ತೊಬ್ಬರು ಲೆಕ್ಕದ ಮೇಷ್ಟರು. ನಾಲ್ಕನೆಯವನಾದ ನಾನು ಕಾಲೇಜೊಂದರಲ್ಲಿ ಪಾಠ ಹೇಳಿ ಹೊಟ್ಟೆ ಹೊರೆದವನು. ನಾಲ್ವರೂ ಅರವತ್ತನ್ನು ದಾಟಿದವರು. ಬರುವಾಗ ಔಷಧದ ಡಬ್ಬಿಗಳನ್ನು ಎಣಿಸಿ ನೋಡಿಕೊಂಡೆವೇ ಹೊರತು ಹಣವನ್ನು ಎಣಿಸಿಕೊಳ್ಳಲು ಮರೆತೆವು ಎಂದರೆ ನಮ್ಮ ವಯಸ್ಸು ತಮಗೆ ಅರ್ಥವಾದೀತು.

ಮದುವೆ ಯಾರದೆಂಬುದನ್ನು ಮೊದಲು ತಿಳಿಸಬೇಕು. ನಾವು ಮೈಸೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ, ಎಂದರೆ 1976-77ರ ಸುಮಾರಿನಲ್ಲಿ, ನಮ್ಮ ವಿದ್ಯಾರ್ಥಿನಿಲಯದಲ್ಲಿ ಸಿಂಹಳದ ಹುಡುಗನೊಬ್ಬ ಇದ್ದ. ಸಂಸ್ಕೃತ ಓದಲು ಬಂದವನು. ನಾವು ಅದುವರೆಗೆ ಸಿಂಹಳವನ್ನು ಕಂಡದ್ದು ರಾಮಾಯಣದಲ್ಲಿ ಮತ್ತು ರೇಡಿಯೋದಲ್ಲಿ ಮಾತ್ರ. ಬುಧವಾರ ರಾತ್ರಿ ಎಂಟು ಗಂಟೆಗೆ ನಿಲಯದ ಹುಡುಗರೆಲ್ಲ ಒಂದು ರೇಡಿಯೋ ಪೆಟ್ಟಿಗೆಯ ಸುತ್ತ ಕುಳಿತು ಬಿನಾಕಾ ಗೀತಮಾಲಾ ಕೇಳುತ್ತಿದ್ದ ಕಾಲ ಅದು. ಆ ಕಾರ್ಯಕ್ರಮ ಬರುತ್ತಿದ್ದುದು ಕೊಲಂಬೋವಿನಿಂದ. ಹೆಸರು ಬದಲಾಗಿ ಆಗಲೇ ಕೆಲವು ವರ್ಷಗಳಾಗಿದ್ದರೂ ನಾವು ಅದನ್ನು ರೇಡಿಯೋ ಸಿಲೋನ್ ಎಂದೇ ಕರೆಯುತ್ತಿದ್ದೆವು. ಹಾಡಿನ ನಡುವೆ ಕರಕರ ಸದ್ದು ಬಂದರೆ ಎಲ್ಲರೂ ಈ ಹುಡುಗನನ್ನು ಗದರುವುದು, ಅವನು ತನ್ನ ದೇಶದ ಪರವಾಗಿ ಕೈಮುಗಿದು ಕ್ಷಮೆ ಬೇಡುವುದು—ಇದು ವಾರವಾರದ ಪ್ರಹಸನ. ಎರಡು ವರ್ಷಗಳಲ್ಲಿ ಅವನು ಕನ್ನಡವನ್ನು ಕಲಿತ. ನಾವು ಸಿಂಹಳ ಭಾಷೆಯ ಒಂದು ಪದವನ್ನೂ ಕಲಿಯಲಿಲ್ಲ.

ಆ ಗೆಳೆಯ 2015ರಲ್ಲಿ ತೀರಿಕೊಂಡ. ಮೂರು ವರ್ಷದ ಮೇಲೆ ಅವನ ಒಬ್ಬಳೇ ಮಗಳ ಮದುವೆ. ತಾಯಿ ನಮ್ಮ ನಾಲ್ವರಿಗೂ ಬೇರೆ ಬೇರೆಯಾಗಿ ಕಾಗದ ಬರೆದರು. "ಅವರು ಇದ್ದಿದ್ದರೆ ನಿಮ್ಮನ್ನು ಕರೆತರಲು ಅವರೇ ಬರುತ್ತಿದ್ದರು" ಎಂಬುದೊಂದು ವಾಕ್ಯ ನಾಲ್ಕು ಕಾಗದಗಳಲ್ಲಿಯೂ ಇತ್ತು. ಅದನ್ನು ಓದಿದ ಮೇಲೆ ಹೋಗುವುದೋ ಬಿಡುವುದೋ ಎಂಬ ಚರ್ಚೆಯೇ ಏಳಲಿಲ್ಲ.

ಚರ್ಚೆ ಎದ್ದುದು ಹೋದ ಮೇಲೆ ಏನು ಮಾಡಬೇಕೆಂಬ ವಿಷಯದಲ್ಲಿ. ವಕೀಲರು ಒಂದು ಪಟ್ಟಿಯನ್ನು ತಯಾರಿಸಿದರು. ಎಂಟು ದಿನಗಳಲ್ಲಿ ಅನುರಾಧಪುರ, ಸಿಗಿರಿಯ, ನುವರ ಎಲಿಯ, ತೆಂಕಣ ಕಡಲತೀರ, ಇಷ್ಟನ್ನೂ ಮುಗಿಸಿ ನಡುವೆ ಮದುವೆಯನ್ನೂ ಮುಗಿಸುವುದೆಂದು ಆ ಪಟ್ಟಿಯ ಸಾರಾಂಶ. ವೈದ್ಯರು ಅದನ್ನು ಓದಿ, ಮಡಿಸಿ, ವಕೀಲರ ಜೇಬಿನಲ್ಲಿಯೇ ಇಟ್ಟು, "ಸ್ವಾಮಿ, ನಾವು ಹೊರಟಿರುವುದು ಮದುವೆಗೆ, ಜಮಾಬಂದಿಗಲ್ಲ" ಎಂದರು. ಅಲ್ಲಿಗೆ ಆ ವಿಷಯ ಮುಗಿಯಿತು. ಮದುವೆಗೆಂದು ಹೋಗುವವನಿಗೆ ಒಂದು ದೊಡ್ಡ ಅನುಕೂಲವಿದೆ, ಶ್ರೋತೃಗಳೇ: ಅವನ ಹೊತ್ತು ಅವನ ಕೈಯಲ್ಲಿ ಇರುವುದಿಲ್ಲ. ಉಂಡು ಏಳು ಎಂದರೆ ಏಳಬೇಕು, ಕೂರು ಎಂದರೆ ಕೂರಬೇಕು. ಎಂಟು ದಿನ ಹಾಗೆ ಇದ್ದುಬಿಡುವುದೆಂದು ನಿಶ್ಚಯಿಸಿದೆವು. ನನ್ನ ಮಟ್ಟಿಗೆ ಮಾತ್ರ ಪ್ರಯಾಣ ಅಷ್ಟೊಂದು ಹಗುರವಾಗಿರಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ನಮ್ಮ ಹಿರಿಯರು ಈ ದ್ವೀಪಕ್ಕೆ ಹೋಗುತ್ತಿದ್ದ ಬಗೆ ಬೇರೆ. 1914ರಿಂದ ಧನುಷ್ಕೋಟಿಯ ವರೆಗೆ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು, ಮತ್ತೆ ಕೊಲಂಬೋವಿಗೆ ರೈಲು, ಹೀಗೆ ಒಂದೇ ಟಿಕೇಟಿನಲ್ಲಿ ಹೋಗಬಹುದಾಗಿತ್ತು. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಧನುಷ್ಕೋಟಿಯೇ ಕೊಚ್ಚಿಹೋಯಿತು. ಆ ದಾರಿಯೂ ಮುಗಿಯಿತು. ನಾವು ವಿಮಾನದ ಕಿಟಕಿಯಿಂದ ಕಡಲನ್ನು ನೋಡಬೇಕೆಂದು ಕುತ್ತಿಗೆ ಚಾಚಿದೆವು, ಕಂಡದ್ದು ಮೋಡ.

ಕೊಲಂಬೋವಿನಿಂದ ಕ್ಯಾಂಡಿಗೆ ರೈಲಿನಲ್ಲಿ ಹೋದೆವು. ಸುಮಾರು ನೂರ ಇಪ್ಪತ್ತು ಕಿಲೋಮೀಟರು ದೂರ. ಇಂಗ್ಲಿಷರು ಈ ದಾರಿಯನ್ನು 1867ರಲ್ಲಿ ಕ್ಯಾಂಡಿಯ ವರೆಗೆ ತಂದರು. ಆಗ ಮಲೆಯ ಮೇಲೆ ಬೆಳೆಯುತ್ತಿದ್ದ ಕಾಫಿಯನ್ನು ಬಂದರಿಗೆ ಇಳಿಸುವುದು ಅವರ ಉದ್ದೇಶ. ಎರಡೇ ವರ್ಷದಲ್ಲಿ, 1869ರಲ್ಲಿ, ಕಾಫಿಯ ಎಲೆಗೆ ತುಕ್ಕುರೋಗ ಕಾಣಿಸಿಕೊಂಡು ತೋಟಗಳೆಲ್ಲ ಕ್ರಮೇಣ ನಾಶವಾದುವು. ಜೇಮ್ಸ್ ಟೇಲರ್ ಎಂಬಾತ 1867ರಲ್ಲಿಯೇ ಕ್ಯಾಂಡಿಯ ಬಳಿಯ ಬೆಟ್ಟದಲ್ಲಿ ಹತ್ತೊಂಬತ್ತು ಎಕರೆ ಚಹಾ ನೆಟ್ಟಿದ್ದ. ಮುಂದೆ ದ್ವೀಪವನ್ನು ಉಳಿಸಿದ್ದು ಅದೇ ಬೆಳೆ. ನಮ್ಮ ಕೊಡಗು ಚಿಕ್ಕಮಗಳೂರುಗಳಿಗೂ ಆ ತುಕ್ಕುರೋಗ ಪರಿಚಿತವೇ ಆದರೂ ನಾವು ಕಾಫಿಯನ್ನು ಬಿಡಲಿಲ್ಲ, ಅವರು ಬಿಟ್ಟರು. ಮೇಷ್ಟರಿಗೆ ಇದರಿಂದ ನಿಜವಾಗಿ ವ್ಯಸನವಾಯಿತು. ಎಂಟು ದಿನ ಕಾಫಿಯಿಲ್ಲದೆ ಕಳೆಯಬೇಕಾದದ್ದು ಒಂದು ಶಿಲೀಂಧ್ರದ ದೆಸೆಯಿಂದ ಎಂದು ಅವರು ಆಗಾಗ ಹೇಳುತ್ತಿದ್ದರು.

ರಂಬುಕ್ಕನದ ಬಳಿಕ ರೈಲು ಘಟ್ಟವನ್ನು ಹತ್ತುತ್ತದೆ. ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಕಾಲಕೆಳಗೆ ಕಣಿವೆ. ಕಣಿವೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ಗದ್ದೆಯ ಅಂಚಿನಲ್ಲಿ ಅಡಕೆ, ತೆಂಗು, ಬೈನೆ, ಹಲಸು. ಸಕಲೇಶಪುರದ ಘಟ್ಟವನ್ನು ಕಂಡವರಿಗೆ ಹೊಸದೇನೂ ಇಲ್ಲ. ನಾನು ಹಾಗೆಂದಾಗ ಎದುರಿಗೆ ಕುಳಿತಿದ್ದ ವೈದ್ಯರು, "ಹೊಸದಲ್ಲದಿದ್ದರೆ ಸುಮ್ಮನೆ ನೋಡಿ" ಎಂದರು. ಸುಮ್ಮನೆ ನೋಡಿದೆವು. ನಾಲ್ಕು ಜನ ಸ್ನೇಹಿತರು ಒಂದು ಗಂಟೆಯ ಕಾಲ ಮಾತಿಲ್ಲದೆ ಕುಳಿತು ಒಂದೇ ಕಿಟಕಿಯಿಂದ ಹೊರಗೆ ನೋಡಿದುದು ನಮ್ಮ ಗೆಳೆತನದಲ್ಲಿ ಅದೇ ಮೊದಲು.

ಕ್ಯಾಂಡಿಯ ನಿಲ್ದಾಣದಲ್ಲಿ ನಮ್ಮನ್ನು ಎದುರುಗೊಂಡವನು ಆರಡಿ ಎತ್ತರದ, ದಪ್ಪ ಮೀಸೆಯ ಒಬ್ಬ ತರುಣ. ಅವನ ಜತೆಗೆ ಬಂದಿದ್ದ ಹುಡುಗಿಯರು ಅವನನ್ನು "ಮಲ್ಲಿ, ಮಲ್ಲಿ" ಎಂದು ಕೂಗುತ್ತಿದ್ದರು. ನಮ್ಮ ಕಡೆ ಮಲ್ಲಿಯೆಂಬುದು ಎಂಥವರ ಹೆಸರೆಂಬುದನ್ನು ಹೇಳಬೇಕಾಗಿಲ್ಲ. ವಕೀಲರು ನಗೆಯನ್ನು ತಡೆಯಲಾರದೆ ಪೆಟ್ಟಿಗೆಯ ಕಡೆ ತಿರುಗಿಕೊಂಡರು. ಸಿಂಹಳ ಭಾಷೆಯಲ್ಲಿ ಮಲ್ಲಿ ಎಂದರೆ ತಮ್ಮ. ಅಣ್ಣನಿಗೆ ಅಯ್ಯಾ ಎನ್ನುತ್ತಾರೆ, ತಂಗಿಗೆ ನಂಗಿ. ಅಕ್ಕ ಅಕ್ಕನೇ, ಅಮ್ಮ ಅಮ್ಮನೇ, ಮಾಮ ಮಾಮನೇ. ಆದರೆ ಅಪ್ಪವೆಂದರೆ ಮಾತ್ರ ಜೋಕೆಯಾಗಿರಬೇಕು. ಅದು ಅಕ್ಕಿಯ ಹಿಟ್ಟು ಮತ್ತು ತೆಂಗಿನ ಹಾಲಿನಿಂದ ಮಾಡಿದ, ಬಟ್ಟಲಿನ ಆಕಾರದ ಒಂದು ತಿಂಡಿ. "ನಾಳೆ ಬೆಳಿಗ್ಗೆ ನಿಮಗೆ ಬಿಸಿಬಿಸಿಯಾಗಿ ಅಪ್ಪ" ಎಂದು ಆ ತರುಣ ಇಂಗ್ಲಿಷಿನಲ್ಲಿ ಹೇಳಿದಾಗ ಮೇಷ್ಟರು ಒಂದು ಕ್ಷಣ ಬೆದರಿದರು.

ಮನೆ ಊರಿನ ಹೊರಗೆ, ಮಹಾವೆಲಿ ನದಿಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿತ್ತು. ಕೆಂಪು ಹೆಂಚು, ಅಗಲವಾದ ಜಗುಲಿ, ಅಂಗಳದಲ್ಲಿ ಹಲಸಿನ ಮರ. ಬಾಗಿಲಲ್ಲಿ ನಿಂತಿದ್ದ ಮನೆಯೊಡತಿಯನ್ನು ಏನೆಂದು ಕರೆಯಬೇಕೆಂದು ತಿಳಿಯದೆ ನಾವು "ಅಕ್ಕ" ಎಂದೆವು. ಆಕೆ ನಮಗಿಂತ ಚಿಕ್ಕವರು; ನಕ್ಕರು. ಆದರೆ ಆ ಪದಕ್ಕೆ ಭಾಷಾಂತರ ಬೇಕಾಗಲಿಲ್ಲ. ಎಂಟು ದಿನವೂ ಅವರು ನಮಗೆ ಅಕ್ಕನಾಗಿಯೇ ಇದ್ದರು.

ಊಟದ ವಿಷಯದಲ್ಲಿ ಒಂದು ತೊಡಕು ಬಂದಿತು. ಮೇಷ್ಟರು ಮೀನು ಮಾಂಸಗಳನ್ನು ಮುಟ್ಟುವವರಲ್ಲ. ಸಿಂಹಳದ ಅಡಿಗೆಯಲ್ಲಿ ಉಂಬಲಕಡವೆಂಬ ಪದಾರ್ಥ ಒಂದುಂಟು: ಮಾಲ್ಡೀವ್ ದ್ವೀಪಗಳ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಕಟ್ಟಿಗೆಯಂತೆ ಒಣಗಿಸಿದ್ದು. ಅದನ್ನು ಕುಟ್ಟಿ ಸೊಪ್ಪಿನ ಪಲ್ಯಕ್ಕೂ ಕಾಯಿಯ ಚಟ್ನಿಗೂ ಹಾಕುವುದು ಅವರ ರೂಢಿ. ನಾವು ಇಂಗು ಹಾಕುವಂತೆ ಎಂದಿಟ್ಟುಕೊಳ್ಳಿ. ಮೀನಿನ ಹೋಳು ಕಾಣದಿದ್ದರೆ ಅದು ತರಕಾರಿಯ ಊಟವೆಂದೇ ಅನೇಕರ ಎಣಿಕೆ. ಈ ಸಂಗತಿ ಅಕ್ಕನಿಗೆ ಮೊದಲೇ ಗೊತ್ತಿತ್ತು. ಮೈಸೂರಿನಿಂದ ಬಂದ ಹೊಸದರಲ್ಲಿ ಗಂಡ ಹೇಳಿದ್ದನಂತೆ: ನನ್ನ ಗೆಳೆಯರಲ್ಲಿ ಒಬ್ಬ ಎಂದಾದರೂ ಬಂದರೆ ಅವನಿಗೆ ಬೇರೆ ಮಡಕೆ ಬೇಕು ಎಂದು. ಮೂವತ್ತೆಂಟು ವರ್ಷ ಕಳೆದ ಮೇಲೆ ಆ ಮನೆಯ ಒಲೆಯ ಪಕ್ಕದಲ್ಲಿ ಒಂದು ಹೊಸ ಮಡಕೆ ಕಾದಿತ್ತು. ಎಳೆಯ ಹಲಸಿನಕಾಯಿಯ ಸಾರು, ಬೇಳೆ, ಮೇಲೆ ಎಮ್ಮೆಯ ಮೊಸರಿಗೆ ಬೈನೆ ಮರದ ಬೆಲ್ಲದ ಪಾಕ. ಮೇಷ್ಟರು ಸಾಮಾನ್ಯವಾಗಿ ಯಾವುದನ್ನೂ ಹೊಗಳುವವರಲ್ಲ. ಆ ದಿನ ಮೂರನೆಯ ಸಲ ಬಡಿಸಿಕೊಂಡರು.

ಮದುವೆಗೆ ಮುಂಚೆ ನಾಲ್ಕು ದಿನ ನಾವು ಮಾಡಿದ ಕೆಲಸವೆಂದರೆ ಕೂತದ್ದು. ಬೆಳಿಗ್ಗೆ ಜಗುಲಿಯಲ್ಲಿ ಕೂರುವುದು. ಬಿಸಿಲು ಬಂದರೆ ಹಲಸಿನ ಮರದ ಕೆಳಗೆ ಕೂರುವುದು. ಸಂಜೆ ಊರಿಗೆ ಹೋಗಿ ಕೆರೆಯ ದಂಡೆಯ ಮೇಲೆ ಕೂರುವುದು. ಒಂದು ದಿನ ಪೆರಾದೆನಿಯದ ಉದ್ಯಾನಕ್ಕೆ ಹೋದೆವು. ಮಹಾವೆಲಿ ಅದನ್ನು ಮೂರು ಕಡೆ ಬಳಸಿ ಹರಿಯುತ್ತದೆ. ಮರಗಳಲ್ಲಿ ಬಾವಲಿಗಳು ಕಪ್ಪು ಕೊಡೆಗಳನ್ನು ಒಣಹಾಕಿದಂತೆ ಸಾವಿರಗಟ್ಟಲೆ ನೇತಾಡುತ್ತವೆ. ಅಲ್ಲಿಯೂ ಒಂದು ಬೆಂಚು ಸಿಕ್ಕಿತು.

ಕೆರೆಯ ದಂಡೆಯಲ್ಲಿ ಕುಳಿತಾಗ ವಕೀಲರು ತಾವು ಓದಿಕೊಂಡು ಬಂದಿದ್ದ ಇತಿಹಾಸವನ್ನು ನಮಗೆ ಹೇಳಿದರು. ಪಟ್ಟಿಯನ್ನು ಕಳೆದುಕೊಂಡವರಿಗೆ ಇಷ್ಟಾದರೂ ಪರಿಹಾರ ಬೇಡವೆ? ಆ ದ್ವೀಪದ ಕಥೆಯೇ ಕಡಲಾಚೆಯ ಮದುವೆಯಿಂದ ಮೊದಲಾಗುತ್ತದೆ. ಮಹಾವಂಶದ ಪ್ರಕಾರ ಸಿಂಹಳರ ಮೊದಲ ಅರಸು ವಿಜಯ ಪಟ್ಟಾಭಿಷೇಕಕ್ಕೆ ಮುಂಚೆ ಮಧುರೆಗೆ ಹೇಳಿಕಳುಹಿಸಿ ಪಾಂಡ್ಯರ ಮಗಳನ್ನು ತರಿಸಿಕೊಂಡ. ಬಹು ಕಾಲದ ಮೇಲೆ ಕ್ಯಾಂಡಿಯ ಅರಸರೂ ಪಟ್ಟದರಾಣಿಯರನ್ನು ಮಧುರೆಯ ಕಡೆಯ ನಾಯಕರ ಮನೆತನಗಳಿಂದ ತರುತ್ತಿದ್ದರು. 1739ರಲ್ಲಿ ವೀರ ನರೇಂದ್ರಸಿಂಹ ಪಟ್ಟದರಾಣಿಯಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ರಾಣಿಯ ತಮ್ಮನೇ ಸಿಂಹಾಸನವನ್ನೇರಿದ. ಅಕ್ಕನ ಜತೆಗೆ ಬಂದ ಭಾವಮೈದುನ ದೊರೆಯಾದನೆಂದರೆ ನಮ್ಮ ಕಡೆಯ ಮದುವೆಮನೆಗಳಲ್ಲಿ ಇದಕ್ಕೆ ಬಹಳ ಮಾತು ಹುಟ್ಟುತ್ತಿತ್ತು. ಆದರೆ ಆ ನೆಂಟರ ವಂಶದ ಕೀರ್ತಿಶ್ರೀ ರಾಜಸಿಂಹನೇ 1753ರಲ್ಲಿ ಸಯಾಮಿನಿಂದ ಭಿಕ್ಷುಗಳನ್ನು ಕರೆಸಿ ದ್ವೀಪದಲ್ಲಿ ನಿಂತುಹೋಗಿದ್ದ ಉಪಸಂಪದೆಯನ್ನು ಮತ್ತೆ ನೆಲೆಗೊಳಿಸಿದ. ನಾವು ಕುಳಿತಿದ್ದ ಕೆರೆಯನ್ನು ಕಟ್ಟಿಸಿದವನು ಅದೇ ವಂಶದ ಕಡೆಯವನು, ಶ್ರೀವಿಕ್ರಮ ರಾಜಸಿಂಹ. 1815ರಲ್ಲಿ ಇಂಗ್ಲಿಷರು ಅವನನ್ನು ಹಿಡಿದು ನಮ್ಮ ಪಕ್ಕದ ವೇಲೂರಿನ ಕೋಟೆಯಲ್ಲಿ ಸೆರೆಯಿಟ್ಟರು. 1832ರಲ್ಲಿ ಅಲ್ಲಿಯೇ ತೀರಿಕೊಂಡ. ರಾಜ್ಯವನ್ನು ಇಂಗ್ಲಿಷರಿಗೆ ಒಪ್ಪಿಸಿದ ಒಡಂಬಡಿಕೆ ನಡೆದ ಮರದ ಕಂಬಗಳ ಮಂಟಪ ದಂತಧಾತುವಿನ ಮಂದಿರದ ಬಳಿ ಇನ್ನೂ ಇದೆ. ಅದರ ಹೆಸರು ಮಗುಲ್ ಮಡುವ. ಮಗುಲ್ ಎಂದರೆ ಮಂಗಲ. ಮದುವೆಯ ಮನೆಗೂ ಮಗುಲ್ ಗೆದರ ಎಂದೇ ಹೆಸರು.

ಇನ್ನು ಮಗುಲ್ ಗೆದರಕ್ಕೆ ಹಿಂದಿರುಗೋಣ. ನಮ್ಮ ಕಡೆಯ ಮದುವೆಮನೆಯ ಗದ್ದಲ ಅಲ್ಲಿರಲಿಲ್ಲ. ಯಾರಿಗೂ ಅವಸರವಿಲ್ಲ. ಹೂವಿನವನು ನಾಳೆ ಬರುತ್ತೇನೆಂದರೆ ಆಗಲಿ ಎನ್ನುವರು. ಬಾರದಿದ್ದರೂ ಆಗಲಿ ಎನ್ನುವರು. ಆದರೆ ಒಂದು ವಿಷಯದಲ್ಲಿ ಮಾತ್ರ ಆ ಜನ ಕೂದಲೆಳೆಯಷ್ಟೂ ಸಡಿಲಿಸುವುದಿಲ್ಲ. ಅದೇ ನೆಕತ, ನಮ್ಮ ನಕ್ಷತ್ರದ ತದ್ಭವ, ಎಂದರೆ ಮುಹೂರ್ತ. ಏಪ್ರಿಲ್ ನಡುವಿನ ಹೊಸವರ್ಷದಲ್ಲಿ ದ್ವೀಪದ ಸಿಂಹಳರ ಮನೆಮನೆಯಲ್ಲಿ ಒಂದೇ ನಿಮಿಷಕ್ಕೆ ಒಲೆ ಹೊತ್ತಿಸಿ ಹಾಲುಕ್ಕಿಸುತ್ತಾರೆ. ಈ ಮದುವೆಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಮುಹೂರ್ತವಿತ್ತು. ಲೆಕ್ಕದ ಮೇಷ್ಟರಿಗೆ ಇದು ಬಹಳ ಹಿಡಿಸಿತು. ಬೆಳಿಗ್ಗೆ ಆರು ಗಂಟೆಯಿಂದಲೇ ಕೈಗಡಿಯಾರವನ್ನು ನೋಡತೊಡಗಿದರು.

ಮದುವೆಯನ್ನು ನಡೆಸುವುದು ಪೊರುವವೆಂಬ ಅಲಂಕೃತವಾದ ಮರದ ಪೀಠದ ಮೇಲೆ. ಬಿಳಿಯ ಬಟ್ಟೆ ಹಾಸಿ, ಮೂಲೆಗಳಲ್ಲಿ ತೆಂಗಿನ ಹೊಂಬಾಳೆಯನ್ನು ಸಿಕ್ಕಿಸಿದ ಪುನ್ ಕಲಸಗಳನ್ನು ಇಟ್ಟಿರುತ್ತಾರೆ. ಪೂರ್ಣಕಲಶವೇ ಪುನ್ ಕಲಸ. ಬೌದ್ಧರ ಮದುವೆಯಾದರೂ ಭಿಕ್ಷುಗಳು ಅದನ್ನು ನಡೆಸುವುದಿಲ್ಲ. ಹಿಂದಿನ ದಿನ ಮನೆಗೆ ಬಂದು ದಾನವನ್ನು ಸ್ವೀಕರಿಸಿ, ಪಿರಿತ್ ಎಂಬ ರಕ್ಷಾಪಾಠವನ್ನು ಓದಿ ಹೋಗಿದ್ದರು. ಮದುಮಗ ಹಳೆಯ ಕ್ಯಾಂಡಿ ಸರದಾರರ ಉಡುಪಿನಲ್ಲಿ ಬಂದ: ಜರಿಯ ಕುಪ್ಪಸ, ನಾಲ್ಕು ಮೂಲೆಯ ಟೋಪಿ, ಸೊಂಟದ ಸುತ್ತ ಪದರದ ಮೇಲೆ ಪದರವಾಗಿ ಸುತ್ತಿದ ಬಟ್ಟೆ. ಆ ಹುಡುಗ ಬದುಕಿನಲ್ಲಿ ಕಂಪ್ಯೂಟರಿನ ಕೆಲಸ ಮಾಡುವವನು. ಆ ಉಡುಪಿನಲ್ಲಿ ಕೂರುವುದಕ್ಕೂ ಆಗದೆ ನಿಲ್ಲುವುದಕ್ಕೂ ಆಗದೆ ಪಟ್ಟ ಪಾಡು ನೋಡುವಂತಿತ್ತು. ಮದುಮಗಳ ಹಣೆಯ ಮೇಲೆ ನಲಲ್ಪಟ, ಬೈತಲೆಯ ಎರಡು ಪಕ್ಕಗಳಲ್ಲಿ ಸೂರ್ಯ ಚಂದ್ರರು, ಕೊರಳಿನಲ್ಲಿ ಒಂದರ ಕೆಳಗೊಂದು ಪದಕದ ಸರಗಳು. ನಮ್ಮ ಗೆಳೆಯನದೇ ಮೂಗು, ಅವನದೇ ನಗೆ.

ಮೊದಲು ದೀಪ ಹಚ್ಚಬೇಕು. ಆಳೆತ್ತರದ ಹಿತ್ತಾಳೆಯ ದೀಪ. ಎರಡು ಕಡೆಯ ಹಿರಿಯರು ಒಂದೊಂದು ಬತ್ತಿಯನ್ನು ಹಚ್ಚುತ್ತ ಬಂದರು. ಅಕ್ಕ ನಮ್ಮ ಕಡೆ ತಿರುಗಿ, "ಅವರ ಕಡೆಯವರಾಗಿ ನೀವು" ಎಂದರು. ಮೈಸೂರು ಪೇಟ, ಪಂಚೆ, ಶಲ್ಯಗಳಲ್ಲಿ ನಾವು ನಾಲ್ವರು ಎದ್ದು ಹೋದೆವು. ಮೇಷ್ಟರ ಕೈ ನಡುಗಿ ಬತ್ತಿ ಎರಡು ಸಲ ನಂದಿತು. ಮೂರನೆಯ ಸಲಕ್ಕೆ ವೈದ್ಯರು ಅವರ ಮಣಿಕಟ್ಟನ್ನು ಹಿಡಿದುಕೊಂಡರು.

ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಮಗುಲ್ ಬೆರವೆಂಬ ಮಂಗಲದ ಮದ್ದಳೆ ಮೊಳಗಿತು. ವಧೂವರರು ಬಲಗಾಲನ್ನು ಮುಂದಿಟ್ಟು ಪೀಠವನ್ನೇರಿದರು. ತಂದೆ ಹುಡುಗಿಯ ಕೈಯನ್ನು ಹುಡುಗನ ಕೈಯಲ್ಲಿ ಇಡಬೇಕಾದ ಹೊತ್ತಿಗೆ ತಂದೆಯ ತಮ್ಮ ಮುಂದೆ ಬಂದು ಆ ಕಾರ್ಯವನ್ನು ಮಾಡಿದರು. ಸೋದರಮಾವ ಇಬ್ಬರ ಕಿರುಬೆರಳುಗಳನ್ನು ಚಿನ್ನದ ಬಣ್ಣದ ದಾರದಿಂದ ಕಟ್ಟಿ ಗಿಂಡಿಯಿಂದ ನೀರೆರೆದರು. ಬಿಳಿಯ ಬಟ್ಟೆ ತೊಟ್ಟ ಸಣ್ಣ ಹುಡುಗಿಯರು ಪಾಲಿ ಭಾಷೆಯಲ್ಲಿ ಜಯಮಂಗಲ ಗಾಥೆಯನ್ನು ಹಾಡಿದರು. ಆಮೇಲೆ ಮದುಮಗ ಒಂದು ಬಿಳಿಯ ಬಟ್ಟೆಯನ್ನು ಹುಡುಗಿಯ ತಾಯಿಗೆ ಕೊಡುವ ಕ್ರಮ. ಅದಕ್ಕೆ ಕಿರಿಕಡ ಹೆಲ ಎನ್ನುತ್ತಾರೆ. ಕಿರಿ ಎಂದರೆ ಹಾಲು. ಹಾಲುಣಿಸಿ ಸಾಕಿದ್ದಕ್ಕೆ ಕೃತಜ್ಞತೆ. ಅಕ್ಕ ಅದನ್ನು ಎರಡು ಕೈಗಳಲ್ಲಿಯೂ ತೆಗೆದುಕೊಂಡು ಎದೆಗೆ ಒತ್ತಿಕೊಂಡು, ಹೊಂಬಾಳೆಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದರು. ವಧೂವರರು ಪೀಠದಿಂದ ಇಳಿಯುವಾಗ ತೆಂಗಿನಕಾಯಿಯನ್ನು ಎರಡು ಹೋಳಾಗಿ ಒಡೆದರು. ರಿಜಿಸ್ಟ್ರಾರರ ಪುಸ್ತಕದಲ್ಲಿ ರುಜು ಹಾಕುವುದು, ಒಬ್ಬರಿಗೊಬ್ಬರು ಕಿರಿಬತ್ ತಿನ್ನಿಸುವುದು, ಊಟ, ಛಾಯಾಚಿತ್ರ ಇವೆಲ್ಲ ಎಲ್ಲ ಕಡೆ ಇರುವಂತೆಯೇ. ಕೊನೆಗೆ ಹುಡುಗಿ ವೀಳ್ಯದ ಕಟ್ಟನ್ನು ಹಿಡಿದು ಹಿರಿಯರ ಮುಂದೆ ಮಂಡಿಯೂರುತ್ತ ನಮ್ಮ ಸಾಲಿಗೂ ಬಂದಳು. ಏನು ಹರಸಬೇಕೆಂದು ತೋಚದೆ ನಾನು ಕನ್ನಡದಲ್ಲಿಯೇ ಹರಸಿದೆ.

ಮೊದಲು ಮುಂದಕ್ಕೆ ಹಾಕಿದ್ದ ಮಾತನ್ನು ಈಗ ಹೇಳಬೇಕು.

1987ರಿಂದ 1989ರ ವರೆಗೆ ಸಿಂಹಳದ ತೆಂಕಣ ಮತ್ತು ನಡುನಾಡುಗಳಲ್ಲಿ ತರುಣರ ದಂಗೆಯೊಂದು ನಡೆಯಿತು. ಬಡಗಣದ ಯುದ್ಧ ಬೇರೆ, ಇದು ಬೇರೆ. ದಂಗೆಯೂ ಕ್ರೂರ, ಅದನ್ನಡಗಿಸಿದ ರೀತಿಯೂ ಕ್ರೂರ. ಸಾವಿರಾರು ಜನ ಹುಡುಗರು ಮನೆಯಿಂದ ಹೋದವರು ಹಿಂದಿರುಗಲಿಲ್ಲ. ವಿಶ್ವವಿದ್ಯಾಲಯಗಳು ತಿಂಗಳುಗಟ್ಟಲೆ ಮುಚ್ಚಿದ್ದವು. 1988ರ ಕೊನೆಯಲ್ಲಿ ನನ್ನ ಗೆಳೆಯನಿಂದ ಒಂದು ಕಾಗದ ಬಂದಿತು. ತನ್ನ ತಮ್ಮನಿಗೆ ಹತ್ತೊಂಬತ್ತು ವರ್ಷ. ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾನೆ, ಪಾಠವಿಲ್ಲ. ರಾತ್ರಿ ಅವನನ್ನು ಮನೆಯಲ್ಲಿ ಮಲಗಿಸಲು ಹೆದರುತ್ತೇವೆ. ಮೈಸೂರಿನಲ್ಲಿ ಅವನಿಗೆ ಓದಲು ಅವಕಾಶ ಸಿಕ್ಕೀತೆ, ಮೊದಲ ಕೆಲವು ತಿಂಗಳು ನಿನ್ನ ಮನೆಯಲ್ಲಿ ಇಟ್ಟುಕೊಳ್ಳುವುದು ಸಾಧ್ಯವೆ ಎಂದು ಕೇಳಿದ್ದ. ನಾನು ಆ ಕಾಗದವನ್ನು ಎರಡು ಸಲ ಓದಿ ಪಂಚಾಂಗದೊಳಗೆ ಇಟ್ಟೆ. ವಿಚಾರಿಸಿ ಬರೆಯೋಣವೆಂದುಕೊಂಡೆ. ಮನೆ ಚಿಕ್ಕದು; ಹೊರದೇಶದ ಹುಡುಗ; ಪೋಲೀಸಿನವರು ಬಂದು ಏನಾದರೂ ಕೇಳಿದರೆ? ಹೀಗೆ ಯೋಚಿಸುತ್ತ ಒಂದು ತಿಂಗಳು ಕಳೆಯಿತು, ಆಮೇಲೆ ಎರಡು. ತಡವಾದ ಮೇಲೆ ಬರೆಯುವುದಕ್ಕೆ ನಾಚಿಕೆಯಾಯಿತು. ನಾನು ಬರೆಯಲೇ ಇಲ್ಲ. ಒಂದು ವರ್ಷದ ಮೇಲೆ ಅವನೇ ಬೇರೆ ವಿಷಯವಾಗಿ ಬರೆದ. ಆ ಕಾಗದದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಉಳಿದ ಮೂವರು ಗೆಳೆಯರಿಗೆ ಇದಾವುದೂ ತಿಳಿಯದು.

ಹುಡುಗಿಯ ಕೈಯನ್ನು ಹಿಡಿದುಕೊಟ್ಟವರು ಆ ತಮ್ಮನೇ. ಆಗ ಅವರನ್ನು ದೂರದ ಬೆಟ್ಟದ ಮೇಲಿನ ನೆಂಟರಲ್ಲಿಗೆ ಕಳುಹಿಸಿದ್ದರಂತೆ. ಚಹಾ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಬದುಕಿಕೊಂಡರು. ಓದು ಮುಂದುವರಿಯಲಿಲ್ಲ. ಈಗಲೂ ಅಲ್ಲಿಯೇ ಇದ್ದಾರೆ.

ಮದುವೆಯ ರಾತ್ರಿ ಹುಡುಗಿ ಹೊರಟುಹೋದ ಮೇಲೆ ಮನೆ ಎಲ್ಲ ಮದುವೆಮನೆಗಳಂತೆ ಬಿಕೋ ಎನ್ನುತ್ತಿತ್ತು. ಗೆಳೆಯರು ಮಲಗಿದ್ದರು. ನಾವಿಬ್ಬರೇ ಜಗುಲಿಯಲ್ಲಿ. ಅವರಾಗಿಯೇ ಮಾತು ತೆಗೆದರು: "ನಾನು ನಿಮ್ಮ ಊರಿಗೆ ಓದಲು ಬರಬೇಕಾಗಿತ್ತು, ಗೊತ್ತೆ? ಅಯ್ಯಾ ನಿಮಗೆ ಬರೆದಿದ್ದ. ಆ ದಿನಗಳಲ್ಲಿ ಅಂಚೆ ಕೆಟ್ಟುಹೋಗಿತ್ತು. ಕಾಗದ ನಿಮಗೆ ಮುಟ್ಟಲಿಲ್ಲವೆಂದು ಅವನು ಹೇಳಿದ."

ನನಗೆ ಸುಮ್ಮನಿರುವುದು ಸುಲಭವಾಗಿತ್ತು. ಮೂವತ್ತು ವರ್ಷ ಹಾಗೆಯೇ ಇದ್ದವನು. ಆದರೆ ಬೆಳಿಗ್ಗೆ ತಾನೇ ಆ ಮನೆಯ ದೀಪವನ್ನು ಅವನ ಕಡೆಯವನಾಗಿ ಹಚ್ಚಿದ್ದೆ. "ಕಾಗದ ಮುಟ್ಟಿತ್ತು" ಎಂದೆ.

ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಆಗ ನಿಮ್ಮ ಮನೆ ಎಷ್ಟು ದೊಡ್ಡದು?" ಎಂದು ಕೇಳಿದರು. ಎರಡು ಕೋಣೆ, ಒಂದು ಅಡಿಗೆಯ ಮನೆ ಎಂದೆ. "ಎಷ್ಟು ಜನ?" ನಾಲ್ವರು ಎಂದೆ. ಲೆಕ್ಕ ಬರೆಯುವವರಲ್ಲವೆ, ಮನಸ್ಸಿನಲ್ಲಿಯೇ ಕೂಡಿ ಕಳೆದು ನೋಡಿದರೆಂದು ತೋರಿತು. "ಐದನೆಯವನಿಗೆ ಜಾಗವಿತ್ತು" ಎಂದರು.

"ಇತ್ತು" ಎಂದೆ.

ಅವರು ಎದ್ದು ಒಳಗೆ ಹೋದರು. ಇನ್ನು ಬರಲಾರರೆಂದುಕೊಂಡೆ. ಕಾಲು ಗಂಟೆಯ ಮೇಲೆ ಎರಡು ಬಟ್ಟಲು ಚಹಾ ಹಿಡಿದು ಬಂದು, ಒಂದನ್ನು ನನ್ನ ಮುಂದಿಟ್ಟು, ಎಲೆ ತಮ್ಮ ಕಾರ್ಖಾನೆಯದು, ಹಾಲು ಹಾಕಬಾರದು ಎಂದರು. ಹಾಲಿಲ್ಲದ ಚಹಾ ನನಗೆ ಒಗ್ಗುವುದಿಲ್ಲ. ಕುಡಿದೆ. ಆ ರಾತ್ರಿ ನಾವು ಮತ್ತೆ ಆ ವಿಷಯವನ್ನು ಮಾತನಾಡಲಿಲ್ಲ. ಮಳೆ, ಎಲೆಯ ಬೆಲೆ, ಮೈಸೂರಿನ ಕುಕ್ಕರಹಳ್ಳಿ ಕೆರೆ, ಅವರ ಅಣ್ಣ ನಿಲಯದಲ್ಲಿ ಈಜಲು ಬಾರದೆ ಹಾಸ್ಯಕ್ಕೀಡಾದದ್ದು, ಇಂಥ ಮಾತುಗಳಾದುವು.

ಹೊರಡುವ ದಿನ ಅಕ್ಕ ಕೊಟ್ಟ ಕವುಮ್, ಕೊಕಿಸ್, ಬೈನೆ ಬೆಲ್ಲಗಳಿಂದ ನಮ್ಮ ಪೆಟ್ಟಿಗೆಗಳು ಮುಚ್ಚದಾದುವು. ವಕೀಲರು ತಮ್ಮ ಎರಡು ಅಂಗಿಗಳನ್ನು ಬಿಟ್ಟು ಜಾಗ ಮಾಡಿದರು. ಮೇಷ್ಟರು ಆ ಮಡಕೆಯನ್ನೇ ಕೊಡಿರೆಂದು ಕೇಳಿದರು. ಅಕ್ಕ ಕೊಡಲಿಲ್ಲ, ಇನ್ನೊಂದು ಸಲ ಬರುವಾಗ ಬೇಕಾಗುತ್ತದೆ ಎಂದರು.

ತಮ್ಮ ನಿಲ್ದಾಣದ ವರೆಗೂ ಬಂದು, ನಮ್ಮ ಪೆಟ್ಟಿಗೆಗಳನ್ನು ತಾವೇ ಮೇಲೆ ಇಟ್ಟು, ಕೆಳಗಿಳಿದು ಕಿಟಕಿಯ ಬಳಿ ನಿಂತರು. ಒಂದು ಚೀಟಿಯಲ್ಲಿ ವಿಳಾಸವನ್ನು ಬರೆದು ನನ್ನ ಕೈಗೆ ಕೊಟ್ಟರು. ರೈಲು ಅಲುಗಿತು. "ಈಗ ಅಂಚೆ ಸರಿಯಾಗಿದೆ" ಎಂದು ಕೂಗಿ ಹೇಳಿದರು. ನಗುತ್ತಿದ್ದರೋ ಇಲ್ಲವೋ ಹೊಗೆಬಣ್ಣದ ಗಾಜಿನ ಮೂಲಕ ನನಗೆ ಸರಿಯಾಗಿ ಕಾಣಲಿಲ್ಲ. ಅದೇನು ಅಂಚೆಯ ವಿಷಯವೆಂದು ವೈದ್ಯರು ಕೇಳಿದರು. ಘಟ್ಟವನ್ನು ಇಳಿಯುವ ವರೆಗೆ ಹೊತ್ತಿತ್ತು. ಮೂವರಿಗೂ ಎಲ್ಲವನ್ನೂ ಹೇಳಿದೆ.